ಬಾಯಿ ಮುಚ್ಚಿಸಿ ನಾಡಿ ಹಿಡಿಯುವ ಶಿಬಿರಗಳ ಬಗ್ಗೆ ಆಯುಷ್ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,
ಆಯುಷ್ ಇಲಾಖೆ, ಕರ್ನಾಟಕ ಸರ್ಕಾರ,
ಧನ್ವಂತರಿ ರಸ್ತೆ, ಬೆಂಗಳೂರು.

ನಮಸ್ಕಾರ.

ನಾನು ತಿಪಟೂರು ಕಡೆಯ ಒಬ್ಬ ಆಯುರ್ವೇದ ವೈದ್ಯೆ. ಆಯುರ್ವೇದ ಪದವಿಯಾದ ಬಿಎಎಂಎಸ್ ಓದಿ, ನೋಂದಣಿ ಮಾಡಿಸಿಕೊಂಡು, ಸಣ್ಣದೊಂದು ಕ್ಲಿನಿಕ್ ನಡೆಸುತ್ತಿದ್ದೇನೆ. ದಿನಾ ನಾಡಿ ನೋಡುತ್ತೇನೆ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ನಾಡಿ ಪರೀಕ್ಷೆಯ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಎತ್ತಿದರೆ ಸಾಕು, 'ಆಯುರ್ವೇದಕ್ಕೆ ಆಗದವರು' ಅಂತ ಮುದ್ರೆ ಒತ್ತಿ ಪಕ್ಕಕ್ಕೆ ಇಡುವುದು ನಮ್ಮಲ್ಲಿ ರೂಢಿಯಾಗಿದೆ.

ನನ್ನ ದೂರು ಇಷ್ಟು. ನಮ್ಮ ಕಡೆ ಕಲ್ಯಾಣ ಮಂಟಪಗಳಲ್ಲಿ, ಸಮುದಾಯ ಭವನಗಳಲ್ಲಿ 'ಉಚಿತ ನಾಡಿ ಪರೀಕ್ಷಾ ಶಿಬಿರ'ಗಳು ನಡೆಯುತ್ತವೆ. ಅವುಗಳಲ್ಲಿ ಸುಮಾರು ಕಡೆ ರೋಗಿ ಬಾಯಿ ಬಿಡುವ ಹಾಗಿಲ್ಲ. "ಏನೂ ಹೇಳಬೇಡಿ, ರಿಪೋರ್ಟ್ ತೋರಿಸಬೇಡಿ, ನಾಡಿಯೇ ಎಲ್ಲಾ ಹೇಳುತ್ತೆ" ಅನ್ನುತ್ತಾರೆ. ಕೈ ಹಿಡಿದು ಅರ್ಧ ನಿಮಿಷದಲ್ಲಿ ಕಾಯಿಲೆಯ ಹೆಸರು ಹೇಳುತ್ತಾರೆ. ಹಿಂದೆಯೇ ಪುಡಿಯ ಪೊಟ್ಟಣ, ಜೊತೆಗೆ "ಆ ಇಂಗ್ಲಿಷ್ ಮಾತ್ರೆ ಬಿಡಿ" ಅನ್ನೋ ಸಲಹೆ. ಶಿಬಿರಗಳನ್ನೇ ಮುಚ್ಚಿಸಿ ಅಂತ ನಾನು ಕೇಳುತ್ತಿಲ್ಲ. ರೋಗಿಯ ಬಾಯಿ ಮುಚ್ಚಿಸಿ, ಬರೀ ನಾಡಿಯ ಮೇಲೆ ರೋಗ ನಿರ್ಧಾರ ಮಾಡಿ, ನಡೆಯುತ್ತಿರುವ ಚಿಕಿತ್ಸೆ ಬಿಡಿಸುವುದಕ್ಕೆ ಇಲಾಖೆ ಕಡಿವಾಣ ಹಾಕಬೇಕು ಅಂತ ಕೇಳುತ್ತಿದ್ದೇನೆ.

ಇಂಥ ಒಂದು ಶಿಬಿರಕ್ಕೆ ನಮ್ಮ ಪಕ್ಕದ ಮನೆಯವರ ಜೊತೆ ನಾನೂ ಹೋಗಿ ಕೂತಿದ್ದೆ. ಯಾರಿಗೂ ನಾನು ವೈದ್ಯೆ ಅಂತ ಹೇಳಲಿಲ್ಲ. ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ಇಬ್ಬರು ಹುಡುಗಿಯರು ಕೂತಿದ್ದರು. ಹೆಸರು, ವಯಸ್ಸು, ಊರು, ಫೋನ್ ನಂಬರ್ ಬರೆದುಕೊಂಡರು. ಆಮೇಲೆ ಮಾತಿಗೆ ಮಾತು ಅನ್ನೋ ಹಾಗೆ, "ಏನಮ್ಮಾ ತೊಂದರೆ, ಎಷ್ಟು ದಿನದಿಂದ?" ಅಂತ ಕೇಳಿದರು. ಹೇಳಿದ್ದನ್ನು ಟೋಕನ್ ಚೀಟಿಯ ಮೂಲೆಯಲ್ಲಿ ಎರಡು ಅಕ್ಷರದಲ್ಲಿ ಗೀಚಿದರು. ಆ ಚೀಟಿ ನಮಗಿಂತ ಮೊದಲು ಒಳಗೆ ಹೋಯಿತು. ಒಳಗೆ ಕೂತವರು ಮಾತ್ರ "ನೀವು ಏನೂ ಹೇಳಬೇಡಿ" ಅಂದರು.

ನಮ್ಮ ಪಕ್ಕದ ಮನೆಯವರಿಗೆ ಅರವತ್ತು ದಾಟಿದೆ. ಒಳಗೆ ಕೂತಿದ್ದವರು ಅವರ ಮುಂಗೈ ಮೇಲೆ ಮೂರು ಬೆರಳು ಇಟ್ಟು, ಕಣ್ಣು ಮುಚ್ಚಿ, "ಮಂಡಿ ನೋವಿದೆ. ಗ್ಯಾಸ್ ಆಗುತ್ತೆ. ರಾತ್ರಿ ನಿದ್ದೆ ಮಧ್ಯದಲ್ಲಿ ಎಚ್ಚರ ಆಗುತ್ತೆ. ಮನಸ್ಸಿನಲ್ಲಿ ಒಂದು ಚಿಂತೆ ಇದೆ, ಯಾರಿಗೂ ಹೇಳಿಲ್ಲ" ಅಂದರು. ಪಕ್ಕದ ಮನೆಯವರು ಬೆರಗಾಗಿ ನನ್ನ ಕಡೆ ನೋಡಿದರು. ಹೊರಗೆ ಬಂದ ಮೇಲೆ, "ಕೈ ಹಿಡಿದ ತಕ್ಷಣ ಎಲ್ಲಾ ಹೇಳ್ಬಿಟ್ರು ಕಣಮ್ಮ" ಅಂತ ದಾರಿಯುದ್ದಕ್ಕೂ ಅದೇ ಮಾತು. ಅರವತ್ತು ದಾಟಿದ, ಮನೆ ಕೆಲಸ ಮಾಡುವ ಯಾವ ಹೆಂಗಸಿಗೆ ಮಂಡಿ ನೋವಿಲ್ಲ, ಹೇಳಿ? ಚಿಂತೆ ಇಲ್ಲದವರು ಯಾರು? ಈ ನಾಲ್ಕು ಮಾತನ್ನು ಆ ಸಾಲಿನಲ್ಲಿ ಕೂತಿದ್ದ ಯಾರಿಗೆ ಹೇಳಿದ್ದರೂ ಹೊಂದುತ್ತಿತ್ತು. ಇದಕ್ಕೆ ನಾಡಿ ಬೇಕಾಗಿಲ್ಲ. ಚೀಟಿಯೂ ಬೇಕಾಗಿರಲಿಲ್ಲ, ಪಾಪ.

ಅದೇ ದಿನ ಇನ್ನೊಂದು ಗಮನಿಸಿದೆ. ಕಾಯುತ್ತಿದ್ದವರಿಗೆಲ್ಲ ಸಂಘಟಕರು ಉಪ್ಪಿಟ್ಟು, ಕಾಫಿ ಕೊಟ್ಟರು. ಒಳ್ಳೆಯ ಉಪಚಾರ, ತಪ್ಪೇನಿಲ್ಲ. ಆದರೆ ಊಟವಾದ ಕೂಡಲೇ, ಸ್ನಾನವಾದ ಕೂಡಲೇ, ಹಸಿದಾಗ, ಬಾಯಾರಿದಾಗ, ನಡೆದು ದಣಿದು ಬಂದಾಗ, ಎಣ್ಣೆ ಹಚ್ಚಿಕೊಂಡಾಗ ನಾಡಿ ಸರಿಯಾಗಿ ತಿಳಿಯುವುದಿಲ್ಲ ಅಂತ ನಮ್ಮ ಗ್ರಂಥಗಳೇ ಹೇಳುತ್ತವೆ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಆದರೆ ಹಸಿವು ಜೋರಾಗುವ ಮುಂಚೆ, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ನೋಡಬೇಕು ಅನ್ನೋದು ಪಾಠ. ಇಲ್ಲಿ ಬಿಸಿ ಕಾಫಿ ಕುಡಿದು, ಮಂಟಪದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದವರ ಕೈಯನ್ನು ಹಾಗೇ ಹಿಡಿಯುತ್ತಿದ್ದರು. ನಿಜವಾದ ನಾಡಿ ಪಂಡಿತರು ಯಾರಾದರೂ ಅಲ್ಲಿದ್ದಿದ್ದರೆ ಮೊದಲು ಅವರೇ ಎದ್ದು ಹೋಗುತ್ತಿದ್ದರು.

ಈಗ ಗ್ರಂಥಗಳ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ಶಿಬಿರದವರ ದೊಡ್ಡ ಅಸ್ತ್ರ ಅದೇ. ಬ್ಯಾನರ್ ಮೇಲೆ '5000 ವರ್ಷಗಳ ನಾಡಿ ಶಾಸ್ತ್ರ' ಅಂತ ಬರೆದಿರುತ್ತಾರೆ. ಆಯುರ್ವೇದದ ಹಳೆಯ ಮೂಲ ಗ್ರಂಥವಾದ ಚರಕ ಸಂಹಿತೆಯಲ್ಲಿ ಮುಂಗೈ ಹಿಡಿದು ವಾತ, ಪಿತ್ತ, ಕಫ ಹೇಳುವ ನಾಡಿ ಪರೀಕ್ಷೆ ಇಲ್ಲ. ಸುಶ್ರುತದಲ್ಲಿ ಇಲ್ಲ. ವಾಗ್ಭಟರ ಅಷ್ಟಾಂಗ ಹೃದಯದಲ್ಲೂ ಇಲ್ಲ. ಸದಾ ಮಿಡಿಯುವ ಭಾಗಗಳು ಮಿಡಿಯದೇ ಹೋದರೆ ಅದು ಸಾವಿನ ಸೂಚನೆ ಅನ್ನೋ ಮಾತು ಚರಕದ ಇಂದ್ರಿಯಸ್ಥಾನ ಅನ್ನೋ ಭಾಗದಲ್ಲಿ ಇದೆ, ಅಷ್ಟೆ. ನಾಡಿ ಪರೀಕ್ಷೆ ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಶಾರ್ಙ್ಗಧರ ಸಂಹಿತೆಯಲ್ಲಿ, ಅಂದರೆ ಸುಮಾರು 13-14ನೇ ಶತಮಾನದಲ್ಲಿ. ಆಮೇಲೆ 16ನೇ ಶತಮಾನದ ಭಾವಪ್ರಕಾಶ, ಅದರ ನಂತರದ ಯೋಗರತ್ನಾಕರ ಅದನ್ನು ಬೆಳೆಸಿದವು.

ಇದನ್ನು ಓದಿ ನಾಡಿಯನ್ನು ಹೀಗಳೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ತಡವಾಗಿ ಬಂದಿದ್ದೆಲ್ಲ ಸುಳ್ಳು ಅಂತೇನಿಲ್ಲ. ಅಫೀಮು ಸಹ ಶಾರ್ಙ್ಗಧರ ಸಂಹಿತೆಯಲ್ಲಿ ಬರುತ್ತದೆ, ಚರಕರಿಗೆ ಅದು ಗೊತ್ತಿರಲಿಲ್ಲ. ಆಯುರ್ವೇದ ಹೊಸದನ್ನು ನೋಡಿ, ಪರೀಕ್ಷಿಸಿ, ಸೇರಿಸಿಕೊಂಡೇ ಬಂದಿದೆ. ಗ್ರೀಕರಲ್ಲಿ ಗ್ಯಾಲನ್ ನಾಡಿಯ ಬಗ್ಗೆ ಕಂತೆಗಟ್ಟಲೆ ಬರೆದ. ಚೀನಾದಲ್ಲಿ 3ನೇ ಶತಮಾನದಲ್ಲೇ ವಾಂಗ್ ಶೂಹೆ ಇದಕ್ಕೆಂದೇ ಗ್ರಂಥ ಮಾಡಿದ. ಯುನಾನಿ ಹಕೀಮರದ್ದು ನಬ್ಜ್, ತಮಿಳು ಸಿದ್ಧರದ್ದು ಎಂಟು ಪರೀಕ್ಷೆಗಳಲ್ಲಿ ಒಂದಾದ ನಾಡಿ. ಮನುಷ್ಯನ ಕೈ ಹಿಡಿದರೆ ಏನೋ ತಿಳಿಯುತ್ತೆ ಅಂತ ಎಲ್ಲಾ ಕಡೆಯ ವೈದ್ಯರಿಗೂ ಅನಿಸಿದೆ, ಸುಮ್ಸುಮ್ನೆ ಅಲ್ಲ.

ನನಗೆ ಮುಖ್ಯ ಅನಿಸುವುದು ನಮ್ಮ ಹಿರಿಯರು ನಾಡಿಯನ್ನು ಎಲ್ಲಿಟ್ಟರು ಅನ್ನೋದು. ಅಷ್ಟಾಂಗ ಹೃದಯದ ಮೊದಲ ಅಧ್ಯಾಯದಲ್ಲೇ 'ದರ್ಶನ ಸ್ಪರ್ಶನ ಪ್ರಶ್ನೈಃ ಪರೀಕ್ಷೇತ ಚ ರೋಗಿಣಂ' ಅಂತಿದೆ. ನೋಡಿ, ಮುಟ್ಟಿ, ಕೇಳಿ ರೋಗಿಯನ್ನು ಪರೀಕ್ಷಿಸಬೇಕು. ಮೊದಲ ವರ್ಷದ ವಿದ್ಯಾರ್ಥಿಗೂ ಬಾಯಿಪಾಠ ಬರುವ ಸಾಲು ಇದು. ಯೋಗರತ್ನಾಕರ ನಾಡಿಯನ್ನು ಎಂಟು ಪರೀಕ್ಷೆಗಳಲ್ಲಿ ಮೊದಲನೆಯದಾಗಿ ಹೇಳುತ್ತದೆ. ಉಳಿದ ಏಳು ಮೂತ್ರ, ಮಲ, ನಾಲಿಗೆ, ಧ್ವನಿ, ಸ್ಪರ್ಶ, ಕಣ್ಣು, ಆಕಾರ. ಚರಕರ ವಿಮಾನಸ್ಥಾನ ಅನ್ನೋ ಭಾಗದಲ್ಲಿ ಹತ್ತು ವಿಧದ ಪರೀಕ್ಷೆ ಇದೆ. ಅದರಲ್ಲಿ ಊಟ ಎಷ್ಟು ಅರಗುತ್ತೆ, ಎಷ್ಟು ಶ್ರಮ ತಡೆಯುತ್ತಾರೆ, ಯಾವುದು ಒಗ್ಗುತ್ತೆ ಅನ್ನೋದೂ ಸೇರಿದೆ. ಇದನ್ನೆಲ್ಲ ಕೇಳದೆ ತಿಳಿಯೋದು ಹೇಗೆ? ಅಂದ ಮೇಲೆ 'ಏನೂ ಹೇಳಬೇಡಿ' ಅನ್ನುವವರು ಯಾವ ಆಯುರ್ವೇದ ಮಾಡುತ್ತಿದ್ದಾರೆ? ನೋಡಿ, ಮುಟ್ಟಿ, ಕೇಳಿ ಅನ್ನೋ ಮೂರರಲ್ಲಿ ಒಂದನ್ನು ಅವರೇ ಕಿತ್ತು ಹಾಕಿದ್ದಾರೆ.

ಕೇಳದೆ ನಾಡಿ ನೋಡಿದರೆ ಏನಾಗುತ್ತೆ ಅನ್ನೋದಕ್ಕೆ ದಿನನಿತ್ಯದ ಉದಾಹರಣೆ ಕೊಡುತ್ತೇನೆ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ತಗೊಳ್ಳುವವರು ನಮ್ಮಲ್ಲಿ ಸಾಕಷ್ಟು ಜನ. ಆ ಮಾತ್ರೆಯ ಕೆಲಸವೇ ಹೃದಯದ ಬಡಿತ ನಿಧಾನ ಮಾಡುವುದು. ಅಂಥವರ ನಾಡಿ ಮಂದವಾಗಿ, ಸಮಾಧಾನವಾಗಿ ಸಿಗುತ್ತದೆ. ಬೆರಳಿಗೆ ಅದು ಕಫದ ನಾಡಿ ಅನಿಸುತ್ತದೆ. ನಿಜಕ್ಕೂ ಬೆರಳಿಗೆ ಸಿಕ್ಕಿದ್ದು ಬೆಳಿಗ್ಗೆ ನುಂಗಿದ ಮಾತ್ರೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಜಾಸ್ತಿಯಾದವರಲ್ಲಿ ಇದಕ್ಕೆ ಉಲ್ಟಾ, ನಾಡಿ ಓಡುತ್ತಿರುತ್ತದೆ. ರಕ್ತ ಕಮ್ಮಿ ಇರುವ ಹೆಣ್ಣುಮಕ್ಕಳ ನಾಡಿಯೂ ಜೋರು. ಜ್ವರ ಬಂದಾಗ ನಾಡಿ ಬಿಸಿಯಾಗಿ, ವೇಗವಾಗಿ ಇರುತ್ತೆ ಅಂತ ಶಾರ್ಙ್ಗಧರರೇ ಹೇಳಿದ್ದಾರೆ. ಸಿಟ್ಟಿಗೆ, ಕಾಮಕ್ಕೆ ವೇಗವಾಗುತ್ತೆ, ಚಿಂತೆಗೆ, ಭಯಕ್ಕೆ ಕ್ಷೀಣವಾಗುತ್ತೆ ಅಂತಲೂ ಹೇಳಿದ್ದಾರೆ. ಅಂದರೆ ನಾಡಿ ಹತ್ತು ಕಾರಣಕ್ಕೆ ಬದಲಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ಹತ್ತರಲ್ಲಿ ಯಾವುದು ಅಂತ ಬಿಡಿಸಬೇಕಾದರೆ ರೋಗಿಯನ್ನೇ ಕೇಳಬೇಕು.

ಸಕ್ಕರೆ ಕಾಯಿಲೆಯ ವಿಷಯದಲ್ಲಂತೂ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ನನ್ನ ಹತ್ತಿರ ವಾತಕ್ಕೆ, ಮೈಕೈ ನೋವಿಗೆ ಬರುತ್ತಿದ್ದ ಒಬ್ಬ ತಾಯಿ. ಶುಗರ್‌ಗೆ ಸರ್ಕಾರಿ ಆಸ್ಪತ್ರೆಯ ಮಾತ್ರೆ ತಗೊಳ್ಳುತ್ತಿದ್ದರು. ಮಧ್ಯೆ ಕೆಲವು ತಿಂಗಳು ಬರಲಿಲ್ಲ. ಮತ್ತೆ ಬಂದಾಗ ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು. ಬಿಚ್ಚಿದರೆ ಹೆಬ್ಬೆರಳ ಪಕ್ಕದ ಬೆರಳು ಕಪ್ಪಾಗಿ ವಾಸನೆ ಬರುತ್ತಿತ್ತು. ಗ್ಲುಕೋಮೀಟರ್‌ಗೆ ರಕ್ತ ಹಾಕಿದರೆ ಅಂಕಿಯೇ ಬರಲಿಲ್ಲ, 'ಹೈ' ಅಂತ ಬಂತು. ಅಂದರೆ ಆ ಮೀಟರ್ ಅಳೆಯುವ ಮಿತಿಯನ್ನೂ ದಾಟಿದೆ ಅಂತ. ಕೇಳಿದರೆ, "ಶಿಬಿರದಲ್ಲಿ ನಾಡಿ ನೋಡಿ ಶುಗರ್ ಇಲ್ಲ ಅಂದ್ರು ಡಾಕ್ಟ್ರಮ್ಮ, ಅದು ವಾತ ಅಷ್ಟೇ ಅಂದ್ರು. ಮಾತ್ರೆ ಬಿಟ್ಟೆ" ಅಂದರು. ಅವರನ್ನು ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಬೆರಳು ಉಳಿಯಲಿಲ್ಲ. ಶಿಬಿರ ಯಾರು ನಡೆಸಿದ್ದು ಅಂತ ಇಲ್ಲಿ ಬರೆಯುವುದಿಲ್ಲ. ಒಬ್ಬರ ಹೆಸರು ಹೇಳಿ ಮುಗಿಸುವ ವಿಷಯ ಇದಲ್ಲ.

ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಬೆರಳಿಗೆ ಸಿಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಧುಮೇಹ ಅಂತ ಲೆಕ್ಕ. 120 ಇದ್ದವರಿಗೂ 220 ಇದ್ದವರಿಗೂ ಮುಂಗೈಯ ರಕ್ತನಾಳ ಒಂದೇ ತರಹ ಬಡಿಯಬಹುದು. ಇದು ಅಲೋಪಥಿಯ ವಾದ ಅಂತ ತಳ್ಳಿಹಾಕಬೇಡಿ. ಪ್ರಮೇಹವನ್ನು, ಅಂದರೆ ಸಕ್ಕರೆ ಕಾಯಿಲೆಯೂ ಸೇರುವ ಮೂತ್ರದ ರೋಗಗಳ ಗುಂಪನ್ನು, ನಮ್ಮ ಹಿರಿಯರು ಹೇಗೆ ಗುರುತಿಸಿದರು ನೋಡಿ. ಮೂತ್ರ ಜಾಸ್ತಿ ಹೋಗುತ್ತೆ, ಕದಡಿರುತ್ತೆ ಅಂತ ಬರೆದರು. ರೋಗ ಪೂರ್ತಿ ಕಾಣಿಸಿಕೊಳ್ಳುವ ಮುಂಚೆಯೇ ಮೂತ್ರಕ್ಕೂ ಮೈಗೂ ಇರುವೆ ಹತ್ತುತ್ತೆ ಅಂತ ಚರಕದಲ್ಲಿದೆ. ಮೂತ್ರದ ಬಣ್ಣ, ರುಚಿ, ವಾಸನೆ, ಗಸಿ ನೋಡಿ 20 ಬಗೆಯ ಪ್ರಮೇಹ ವಿಂಗಡಿಸಿದರು. ಅವರ ಕಣ್ಣು ಮೂತ್ರದ ಮೇಲಿತ್ತು, ಮುಂಗೈ ಮೇಲಲ್ಲ. ಕಾಮಾಲೆಗೂ ಅಷ್ಟೇ, ಕಣ್ಣು ನೋಡಿದರು, ಉಗುರು ನೋಡಿದರು. ಇವತ್ತು ಒಂದು ಹನಿ ರಕ್ತದಲ್ಲಿ ಸಿಗುವ ಉತ್ತರವನ್ನು ಬಿಟ್ಟು ಕೈ ಹಿಡಿದು ಕಣ್ಣು ಮುಚ್ಚುವುದು ಚರಕರಿಗೆ ಮಾಡುವ ಮರ್ಯಾದೆಯೇನೂ ಅಲ್ಲ.

ಹಾಗಾದರೆ ನೀವು ಯಾಕೆ ದಿನಾ ನಾಡಿ ನೋಡುತ್ತೀರಿ ಅಂತ ಕೇಳಬಹುದು. ಹೇಳುತ್ತೇನೆ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ರೋಗಿಯ ಮೊಣಕೈ ಸ್ವಲ್ಪ ಮಡಚಿಸಿ, ಕೈಯನ್ನು ಮೇಜಿನ ಮೇಲೆ ಸಡಿಲವಾಗಿ ಇಡಿಸುತ್ತೇನೆ. ಹೆಬ್ಬೆರಳ ಬುಡದಿಂದ ಒಂದು ಅಂಗುಲ ಕೆಳಗೆ, ಮೂಳೆಯ ಪಕ್ಕದ ತಗ್ಗಿನಲ್ಲಿ ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳು. ಕಲಿಸಿದ ಹಾಗೆ ತೋರುಬೆರಳಿಗೆ ವಾತ, ಮಧ್ಯಕ್ಕೆ ಪಿತ್ತ, ಉಂಗುರಕ್ಕೆ ಕಫ. ಮೊದಲು ಮೂರೂ ಬೆರಳು ಹಗುರ, ಆಮೇಲೆ ಸ್ವಲ್ಪ ಒತ್ತಿ, ಆಮೇಲೆ ಒಂದೊಂದೇ ಬೆರಳು ಎತ್ತಿ ನೋಡುವುದು. ಒಂದು ನಿಮಿಷ ಪೂರ್ತಿ ಎಣಿಸುತ್ತೇನೆ. ಸುಮ್ಮನೆ ಕೂತಿರುವ ದೊಡ್ಡವರಲ್ಲಿ 60ರಿಂದ 100ರ ಒಳಗೆ ಇರಬೇಕು. ಲಯ ಸಮವಾಗಿದೆಯಾ, ಒಂದು ಬಡಿತ ದೊಡ್ಡದು ಒಂದು ಚಿಕ್ಕದು ಬರುತ್ತಿದೆಯಾ, ಒತ್ತಿದರೆ ಸುಲಭವಾಗಿ ಅಡಗುತ್ತಾ, ನಾಳ ಮೆತ್ತಗಿದೆಯಾ ಅಥವಾ ವಯಸ್ಸಾದವರಲ್ಲಿ ಆಗುವಂತೆ ಹುರಿಯ ಹಾಗೆ ಗಟ್ಟಿಯಾಗಿದೆಯಾ. ಕೈ ಬೆವರಿದೆಯಾ, ತಣ್ಣಗಿದೆಯಾ. ಇಷ್ಟು ನೋಡುವ ಹೊತ್ತಿಗೆ ರೋಗಿ ತಾನಾಗಿಯೇ ಮಾತಾಡಲು ಶುರು ಮಾಡಿರುತ್ತಾರೆ. ಅದೂ ಪರೀಕ್ಷೆಯ ಭಾಗವೇ.

ಓದುವಾಗ ನಾಡಿಯ ಗತಿಗೆ ಪ್ರಾಣಿಗಳ ನಡೆ ಹೇಳಿಕೊಡುತ್ತಾರೆ. ವಾತ ಕೆರಳಿದರೆ ಜಿಗಣೆ, ಹಾವಿನ ಹಾಗೆ. ಪಿತ್ತಕ್ಕೆ ಗುಬ್ಬಿ, ಕಾಗೆ, ಕಪ್ಪೆ. ಕಫಕ್ಕೆ ಹಂಸ, ಪಾರಿವಾಳ. ನಮ್ಮ ಬ್ಯಾಚಿನಲ್ಲಿ ಜಿಗಣೆಯ ನಡೆ ಮಲೆನಾಡಿನ ಹುಡುಗರಿಗೆ ಮಾತ್ರ ಅರ್ಥವಾಗುತ್ತಿತ್ತು, ಇಂಬಳ ಕಾಲು ಹತ್ತುವುದನ್ನು ನೋಡಿ ಬೆಳೆದವರು. ಹಂಸ ನಡೆಯುವುದನ್ನು ಮಾತ್ರ ಮೇಷ್ಟ್ರು ಸೇರಿ ಯಾರೂ ನೋಡಿರಲಿಲ್ಲ. ತಮಾಷೆ ಬಿಡಿ. ಶ್ಲೋಕ ಮಾಡಿದವರು ತಮ್ಮ ಕಣ್ಣೆದುರಿನ ಪ್ರಾಣಿಗಳನ್ನು ಹಿಡಿದು ಬೆರಳಿನ ಅನುಭವವನ್ನು ಮುಂದಿನವರಿಗೆ ದಾಟಿಸಲು ನೋಡಿದ್ದಾರೆ. ಅದು ಜಾಣತನ. ಆದರೆ ಇಬ್ಬರು ವೈದ್ಯರ ಬೆರಳಲ್ಲಿ ಒಂದೇ ನಾಡಿ ಒಂದೇ ಪ್ರಾಣಿಯಾಗಿ ಸಿಗುತ್ತಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಶಾರ್ಙ್ಗಧರರ ಇನ್ನೊಂದು ಮಾತು ನನಗೆ ಯಾವಾಗಲೂ ನೆನಪಿರುತ್ತದೆ. ನಿಂತು ನಿಂತು ನಡೆಯುವ ನಾಡಿ ಪ್ರಾಣ ತೆಗೆಯುವಂಥದ್ದು ಅಂತ. ತೆಂಗಿನ ತೋಟದ ಕೆಲಸ ಮಾಡುವ ಒಬ್ಬ ಹಿರಿಯರು 'ಸುಸ್ತು, ಟಾನಿಕ್ ಕೊಡಿ' ಅಂತ ಬಂದಿದ್ದರು. ಕೈ ಹಿಡಿದರೆ ಬಡಿತಕ್ಕೆ ಒಂದು ಲೆಕ್ಕವೇ ಇಲ್ಲ. ಎರಡು ಬೇಗ, ಒಂದು ತಡ, ಒಂದು ಸಿಗಲೇ ಇಲ್ಲ, ಮತ್ತೆ ಮೂರು ಬೇಗ. ಎದೆಗೆ ಸ್ಟೆತಸ್ಕೋಪ್ ಇಟ್ಟು ಎಣಿಸಿದರೆ ಎದೆಯಲ್ಲಿ ಜಾಸ್ತಿ, ಕೈಯಲ್ಲಿ ಕಮ್ಮಿ. ಟಾನಿಕ್ ಕೊಡಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದು ಇಸಿಜಿ ಮಾಡಿಸಿ ಅಂದೆ. ಏಟ್ರಿಯಲ್ ಫೈಬ್ರಿಲೇಷನ್ ಅಂತ ಬಂತು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ನಡುಗುತ್ತಿರುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅವರಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧಿ ಶುರುವಾಯಿತು. ಈಗಲೂ ಓಡಾಡಿಕೊಂಡಿದ್ದಾರೆ. ನಾಡಿ ತನ್ನ ಕೆಲಸ ಮಾಡಿತ್ತು, ಅದು ಹೇಳಿದ್ದನ್ನು ಖಾತ್ರಿ ಮಾಡಿದ್ದು ಇಸಿಜಿ. ಈಗ ಸರ್ಕಾರದ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ಏರ್ಪಾಡಿದೆ. ಹಳ್ಳಿಯ ಆಯುರ್ವೇದ ವೈದ್ಯರ ಬೆರಳೂ ಆ ಯಂತ್ರವೂ ಜೊತೆಯಾದರೆ ಎಷ್ಟು ಲಕ್ವ ತಪ್ಪಿಸಬಹುದು, ಯೋಚನೆ ಮಾಡಿ.

ನಮ್ಮ ಊರಿನ ಕಡೆ ಉಂಡೆ ಕೊಬ್ಬರಿ ವ್ಯಾಪಾರ. ಕಾಯಿ ಕಿವಿಯ ಹತ್ತಿರ ಅಲುಗಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವವರು ಮನೆಮನೆಯಲ್ಲಿ ಇದ್ದಾರೆ. ಬಹುಪಾಲು ಸರಿಯಾಗಿಯೇ ಹೇಳುತ್ತಾರೆ. ಹಾಗಂತ ಮಾರುಕಟ್ಟೆಯಲ್ಲಿ ಚಿಪ್ಪು ತೆಗೆದು ಕಣ್ಣಲ್ಲಿ ನೋಡದೆ ಯಾವ ವರ್ತಕರೂ ಬೆಲೆ ಕಟ್ಟುವುದಿಲ್ಲ. ಕೊಬ್ಬರಿಗೆ ತೋರಿಸುವ ಎಚ್ಚರವನ್ನು ಮನುಷ್ಯರಿಗೂ ತೋರಿಸಿ ಅನ್ನೋದಷ್ಟೇ ನನ್ನ ಕೋರಿಕೆ.

ಇನ್ನೊಂದು ಸಣ್ಣ ಮಾತು, ಆದರೆ ಹೇಳಬೇಕು. ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ ನೋಡಬೇಕು ಅಂತ ನಿಯಮ ಇದೆ. ಶಿಬಿರಗಳಲ್ಲಿ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಕೈ ನೀಡುವಾಗಲೇ "ಎಡಗೈ ಕೊಡಮ್ಮ" ಅನ್ನುತ್ತಾರೆ. ಟಕಾಯಾಸು ಅಂತ ಒಂದು ರಕ್ತನಾಳದ ಕಾಯಿಲೆ ಇದೆ. ಹೆಚ್ಚಾಗಿ ಬರುವುದು ನಮ್ಮ ಏಷ್ಯಾದ ಹರೆಯದ ಹೆಣ್ಣುಮಕ್ಕಳಿಗೆ. ಒಂದು ಕೈಯಲ್ಲಿ ನಾಡಿ ಸಿಗದೇ ಹೋಗುವುದು, ಎರಡು ಕೈಯ ಬಿಪಿ ಬೇರೆ ಬೇರೆ ಬರುವುದು ಅದರ ಗುರುತು. ಒಂದೇ ಕೈ ನೋಡಿ ಕಳಿಸಿದರೆ ತಪ್ಪಿಹೋಗುತ್ತದೆ. ಎರಡೂ ಕೈ ನೋಡಿ ಅಂತ ಹೊಸ ವೈದ್ಯರಿಗೆ ಹೇಳಿಕೊಡಬೇಕು. ಇದರಿಂದ ಶಾಸ್ತ್ರಕ್ಕೇನೂ ಊನ ಆಗುವುದಿಲ್ಲ.

ಈಗ ಆ ಪ್ರಶ್ನೆ. ಇಬ್ಬರು ವೈದ್ಯರು ಒಂದೇ ಕೈ ಹಿಡಿದರೆ ಒಂದೇ ಮಾತು ಹೇಳುತ್ತಾರಾ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಜನ ನೋಂದಾಯಿತ ಆಯುರ್ವೇದ ವೈದ್ಯರು 20 ಜನ ಆರೋಗ್ಯವಂತರ ನಾಡಿ, ನಾಲಿಗೆ, ಪ್ರಕೃತಿ (ದೇಹದ ವಾತ-ಪಿತ್ತ-ಕಫದ ಸ್ವಭಾವ) ನೋಡಿದರು. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಹೊಂದಾಣಿಕೆ ಒಟ್ಟಾರೆ ಕಮ್ಮಿಯೇ ಇತ್ತು. ನನಗೆ ಇದರಲ್ಲಿ ಆಶ್ಚರ್ಯ ಆಗಲಿಲ್ಲ. ಕಾಲೇಜಿನಲ್ಲಿ ನಾಡಿಯನ್ನು ಕಲಿಸುವ ರೀತಿ ಹಾಗಿದೆ. ಶ್ಲೋಕ ಬಾಯಿಪಾಠ, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಬೆರಳಿಗೆ ಅಭ್ಯಾಸ ಎಷ್ಟು ಸಿಗುತ್ತದೆ ಅನ್ನೋದು ಮೇಷ್ಟ್ರ ಆಸಕ್ತಿಯ ಮೇಲೆ. ನನ್ನ ಅದೃಷ್ಟಕ್ಕೆ ಒಳ್ಳೆಯ ಮೇಷ್ಟ್ರು ಸಿಕ್ಕರು. ಎಲ್ಲರಿಗೂ ಸಿಗಲ್ಲ ಅಲ್ವಾ? ಐದೂವರೆ ವರ್ಷದ ಬಿಎಎಂಎಸ್‌ನಲ್ಲೇ ಈ ಸ್ಥಿತಿ ಇರುವಾಗ, ಶನಿವಾರ ಭಾನುವಾರದಲ್ಲಿ ನಾಡಿ ಕಲಿಸಿ ಸರ್ಟಿಫಿಕೇಟ್ ಕೊಡುವ ಜಾಹೀರಾತುಗಳು ಫೋನಿನಲ್ಲಿ ಬರುತ್ತಲೇ ಇರುತ್ತವೆ. ಯಾರು ಬೇಕಾದರೂ ಸೇರಬಹುದಂತೆ.

ನಾಡಿ ಯಂತ್ರಗಳೂ ಬಂದಿವೆ. ಸೆನ್ಸರ್ ಇಟ್ಟು ಅಲೆಯ ಗ್ರಾಫ್ ತೆಗೆಯುತ್ತವೆ. ಸಂಶೋಧನೆಗೆ ಒಳ್ಳೆಯದೇ. ಶಿಬಿರದಲ್ಲಿ ಅದನ್ನು ಇಟ್ಟುಕೊಂಡು ಬಣ್ಣದ ಪ್ರಿಂಟ್ ಕೊಟ್ಟ ಮಾತ್ರಕ್ಕೆ ಶುಗರ್ ಪರೀಕ್ಷೆ ಆಗುವುದಿಲ್ಲ.

ಇಲಾಖೆಯಿಂದ ಏನು ಆಗಬೇಕು? ಸರ್ಕಾರಿ ಆಯುರ್ವೇದ ಕಾಲೇಜುಗಳು ಮೈಸೂರು, ಬೆಂಗಳೂರು, ಬಳ್ಳಾರಿ, ಶಿವಮೊಗ್ಗದಲ್ಲಿ ನಿಮ್ಮ ಕೈಯಲ್ಲೇ ಇವೆ. ಅಲ್ಲಿ ಒಂದು ಪರೀಕ್ಷೆ ಮಾಡಿಸಿ. ಪರದೆಯ ಆಚೆ ರೋಗಿ, ಈಚೆ ವೈದ್ಯರು. ಮಾತಿಲ್ಲ, ಮುಖ ಕಾಣುವುದಿಲ್ಲ, ಚೀಟಿ ಇಲ್ಲ. ಒಂದೇ ಕೈಯನ್ನು ಹೇಳದೆ ಎರಡು ಸಲ ತೋರಿಸಿ. ಮೂವರು ವೈದ್ಯರು ಬೇರೆ ಬೇರೆಯಾಗಿ ಬರೆಯಲಿ. ಆಮೇಲೆ ಲ್ಯಾಬ್ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ, ಒಂದು ಪರದೆ ಬೇಕು. ನಾಡಿ ಯಾವುದನ್ನು ಚೆನ್ನಾಗಿ ಹೇಳುತ್ತೆ, ಯಾವುದನ್ನು ಹೇಳಲ್ಲ ಅಂತ ನಮಗೇ ಗೊತ್ತಾಗುತ್ತದೆ. ಹೇಳುವುದನ್ನು ಚೆನ್ನಾಗಿ ಕಲಿಸೋಣ. ಬಂದ ಫಲಿತಾಂಶ ನಮಗೆ ಹಿಡಿಸದಿದ್ದರೂ ಪ್ರಕಟಿಸಿ.

ಶಿಬಿರಗಳ ವಿಷಯದಲ್ಲಿ ಕಾನೂನು ಇಲ್ಲ ಅಂತೇನಿಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ನನ್ನ ಹತ್ತಡಿ ಕ್ಲಿನಿಕ್ಕಿಗೂ ನೋಂದಣಿ ಬೇಕು, ಸರ್ಟಿಫಿಕೇಟ್ ಗೋಡೆಗೆ ಹಾಕಿದ್ದೇನೆ. ಒಂದು ದಿನ ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿದು ನೂರಾರು ಜನರ ಕೈ ನೋಡಿ ಔಷಧಿ ಕೊಟ್ಟು ಸಂಜೆಗೆ ಬೇರೆ ಊರಿಗೆ ಹೋಗುವವರನ್ನು ಯಾರು ಕೇಳುತ್ತಾರೆ? 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆ ಇದೆ. ಅದರ ಪಟ್ಟಿಯಲ್ಲಿ 54 ಕಾಯಿಲೆಗಳಿವೆ. ಮಧುಮೇಹ, ಕ್ಯಾನ್ಸರ್, ಬಿಪಿ ಎಲ್ಲಾ ಸೇರಿವೆ. ಇವನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವ ಹಾಗಿಲ್ಲ. ಆದರೆ ಆ ಕಾಯ್ದೆಯ ಹಿಡಿತ ಮುಖ್ಯವಾಗಿ ಔಷಧಿಯ ಜಾಹೀರಾತಿನ ಮೇಲೆ. ಕರಪತ್ರದಲ್ಲಿ ಔಷಧಿಯ ಹೆಸರು ಹಾಕದೆ, 'ನಾಡಿಯಿಂದ ಕ್ಯಾನ್ಸರ್, ಶುಗರ್ ಪತ್ತೆ' ಅಂತ ಮಾತ್ರ ಬರೆದು ನುಣುಚಿಕೊಳ್ಳುವ ಬುದ್ಧಿ ಅವರಿಗೆ ಚೆನ್ನಾಗಿದೆ. ಆ ಸಂದು ಮುಚ್ಚಬೇಕಾದವರು ನೀವು.

ಹೊಸ ಕಾಯ್ದೆ ಬರುವ ತನಕ ಕಾಯಬೇಕಾಗಿಲ್ಲ. ಇಲಾಖೆಯ ಒಂದು ಸುತ್ತೋಲೆಯಿಂದಲೇ ಶುರು ಮಾಡಬಹುದು. ನಾಡಿ ಶಿಬಿರ ಮಾಡುವವರು ಮೊದಲೇ ಜಿಲ್ಲಾ ಆಯುಷ್ ಅಧಿಕಾರಿಗೆ ತಿಳಿಸಲಿ. ಯಾರು ಕೈ ನೋಡುತ್ತಾರೋ ಅವರ ಹೆಸರು, ನೋಂದಣಿ ಸಂಖ್ಯೆ ಬ್ಯಾನರ್ ಮೇಲೆ ದೊಡ್ಡದಾಗಿ ಇರಲಿ. ರೋಗಿಗೆ ಏನು ಕಂಡಿತು, ಏನು ಕೊಟ್ಟರು ಅಂತ ಬರೆದ ಚೀಟಿ ಕೈಗೆ ಕೊಡಲಿ. ಹೆಸರಿಲ್ಲದ ಪುಡಿ ಪೊಟ್ಟಣ ಬೇಡ. ಅದರಲ್ಲಿ ಪಾದರಸದಂಥ ಲೋಹ ಸೇರಿದ ರಸೌಷಧಿ ಇದೆಯೋ ಇಲ್ಲವೋ ಅಂತ ಆಮೇಲೆ ಬೇರೆ ಡಾಕ್ಟರಿಗೆ ತಿಳಿಯಬೇಕಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆಯವರು ಬರೆದ ಶುಗರ್, ಬಿಪಿ, ಹೃದಯ, ಫಿಟ್ಸ್, ಥೈರಾಯ್ಡ್ ಮಾತ್ರೆಯನ್ನು ನಾಡಿ ನೋಡಿ ನಿಲ್ಲಿಸುವುದು ವೃತ್ತಿ ದುರ್ನಡತೆ ಅಂತ ಸ್ಪಷ್ಟವಾಗಿ ಹೇಳಿ. ಬಿಪಿ ಯಂತ್ರ, ಗ್ಲುಕೋಮೀಟರ್ ಇಲ್ಲದ ಶಿಬಿರಕ್ಕೆ ಜಾಗವೇ ಸಿಗಬಾರದು. ಶಿಬಿರ ಮಾಡುವವರಿಗೆ ಇವೆರಡು ದೊಡ್ಡ ಖರ್ಚೇನೂ ಅಲ್ಲ.

ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಈ ಪತ್ರ ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ, ಗೊತ್ತು. "ನಮ್ಮವರೇ ಹೀಗೆ ಬರೆದರೆ ಆ ಅಲೋಪಥಿ ಕಡೆಯವರಿಗೆ ಕೋಲು ಕೊಟ್ಟ ಹಾಗಲ್ವಾ?" ಅಂತ ಒಬ್ಬರು ಆಗಲೇ ಕೇಳಿದರು. ಕೋಲು ಅವರ ಕೈಯಲ್ಲಿ ಆಗಲೇ ಇದೆ. ಬೆರಳು ಕಳೆದುಕೊಂಡ ಆ ತಾಯಿಯನ್ನು ನೋಡಿದ ಆಸ್ಪತ್ರೆಯ ಡಾಕ್ಟರು ಬೈದಿದ್ದು ಶಿಬಿರದವರನ್ನಲ್ಲ, 'ಆಯುರ್ವೇದದವರನ್ನು'. ಅವರಿಗೆ ನನಗೂ ಶಿಬಿರದವರಿಗೂ ವ್ಯತ್ಯಾಸ ಕಾಣುವುದಿಲ್ಲ. ಆ ವ್ಯತ್ಯಾಸ ತೋರಿಸುವ ಕೆಲಸ ನಮ್ಮದೇ.

ಒಂದು ಮಾತು ಆ ಕಡೆಯವರಿಗೂ ಹೇಳಬೇಕು. ಜನ ಶಿಬಿರಕ್ಕೆ ಓಡುವುದು ಬರೀ ಅಜ್ಞಾನದಿಂದ ಅಲ್ಲ. ಆಸ್ಪತ್ರೆಯಲ್ಲಿ ಮೂರು ಗಂಟೆ ಕಾದರೆ ಎರಡು ನಿಮಿಷ ಸಿಗುತ್ತದೆ, ಆ ಎರಡು ನಿಮಿಷವೂ ಡಾಕ್ಟರ ಕಣ್ಣು ಕಂಪ್ಯೂಟರಿನ ಮೇಲೆ. ಶಿಬಿರದಲ್ಲಿ ಯಾರೋ ಒಬ್ಬರು ಕೈ ಹಿಡಿದು "ನಿಮಗೆ ಚಿಂತೆ ಇದೆ" ಅಂದರೆ ಕಣ್ಣಲ್ಲಿ ನೀರು ಬರುತ್ತದೆ. ಎಂಬಿಬಿಎಸ್ ಪಾಠದಲ್ಲೂ ನಾಡಿ ಹಿಡಿಯುವುದು ಇದೆ, ಪುಟಗಟ್ಟಲೆ ಇದೆ. ಅದನ್ನು ಮಾಡುವವರು ಕಮ್ಮಿಯಾಗಿದ್ದಾರೆ.

ಆಯುಕ್ತರೇ, ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಸುತ್ತಮುತ್ತ ಹಂಚಿದ ಶಿಬಿರದ ಕರಪತ್ರಗಳನ್ನು ಎತ್ತಿಟ್ಟಿದ್ದೇನೆ. ರೋಗಿಗಳು ತಂದುಕೊಟ್ಟ, ಹೆಸರಿಲ್ಲದ ಪುಡಿ ಪೊಟ್ಟಣಗಳೂ ಇವೆ. ನಿಮ್ಮ ಜಿಲ್ಲಾ ಆಯುಷ್ ಅಧಿಕಾರಿ ಯಾವ ದಿನ ಬಾ ಅಂದರೂ ತಂದು ಒಪ್ಪಿಸುತ್ತೇನೆ. ಪುಡಿಗಳನ್ನು ಲ್ಯಾಬಿಗೆ ಕಳಿಸಿ. ಮುಂದಿನ ಶಿಬಿರದ ಫ್ಲೆಕ್ಸ್ ಬಸ್ ಸ್ಟ್ಯಾಂಡ್ ಪಕ್ಕ ಆಗಲೇ ಕಟ್ಟಿದ್ದಾರೆ. ಅದರಲ್ಲಿ ಫೋನ್ ನಂಬರ್ ಇದೆ, ವೈದ್ಯರ ನೋಂದಣಿ ಸಂಖ್ಯೆ ಇಲ್ಲ. ಅವತ್ತು ಇಲಾಖೆಯವರು ಒಬ್ಬರಾದರೂ ಬಂದು, ಒಳಗೆ ಕೂತವರ ಸರ್ಟಿಫಿಕೇಟ್ ಕೇಳಲಿ. ಬಾಗಿಲಲ್ಲಿ ಬರೆಯುವ ಟೋಕನ್ ಚೀಟಿಯನ್ನೂ ಒಮ್ಮೆ ತಿರುಗಿಸಿ ನೋಡಲಿ.

ಇಂತಿ ವಂದನೆಗಳೊಂದಿಗೆ,
ತಿಪಟೂರು ಕಡೆಯ ಒಬ್ಬ ಆಯುರ್ವೇದ ವೈದ್ಯೆ